ಮಣ್ಣಿನ ವಾಸನೆ

ಮಾವನ ಮೂಗಿನ ತುದಿಯಲ್ಲಿ ಹುಣಸೆಬೀಜದಷ್ಟು ದೊಡ್ಡ ಸುಟ್ಟ ಕಲೆ ಇತ್ತು. ಕುದಿಯುವ ಸಾರಿನ ಕೊಪ್ಪರಿಗೆಗೆ ಬಗ್ಗಿ ಬಗ್ಗಿ ಮೂಸಿದ ಫಲ ಅದು. ಸೌಟಿನಿಂದ ಅಂಗೈಗೆ ಸುರಿದುಕೊಂಡು ರುಚಿ ನೋಡುವ ಅಡುಗೆಯವರನ್ನು ಕಂಡರೆ ಅವರಿಗೆ ತಾತ್ಸಾರ. "ನಾಲಗೆ ಸುಳ್ಳು ಹೇಳ್ತದೆ ಮಾರಾಯ್ತಿ, ಮೂಗು ಹೇಳುದಿಲ್ಲ" ಎನ್ನುತ್ತಿದ್ದರು. ಉಪ್ಪು ಕಡಿಮೆಯಾದದ್ದೂ ಅವರಿಗೆ ವಾಸನೆಯಲ್ಲೇ ತಿಳಿಯುತ್ತಿತ್ತು. ಇದೆಲ್ಲ ಬುರುಡೆ ಎಂದು ನಾನು ಪಂಥ ಕಟ್ಟಿ ಪ್ರತಿಸಲ ಸೋತಿದ್ದೇನೆ.

ಅವರು ನನ್ನ ಅಮ್ಮನ ತಮ್ಮ. ಉಡುಪಿ ಕಡೆಯಿಂದ ಬಂದು ಕಲ್ಕತ್ತೆಯ ಬಾಲಿಗಂಜ್‌ನಲ್ಲಿ ಮದುವೆ ಮುಂಜಿಗಳ ಅಡುಗೆ ವಹಿಸಿಕೊಳ್ಳುತ್ತಿದ್ದರು. ಅತ್ತೆ ಬೇಗ ತೀರಿಕೊಂಡರು; ಉಳಿದವಳು ಒಬ್ಬಳೇ ಮಗಳು. ಕಲ್ಕತ್ತೆಯಲ್ಲೇ ಹುಟ್ಟಿ ಬೆಳೆದ ಅವಳಿಗೆ ಕನ್ನಡ ಕಿವಿಗೆ ಪೂರ್ತಿ ಬರುತ್ತಿತ್ತು, ಬಾಯಿಗೆ ಅರ್ಧ.

ಒಮ್ಮೆ ಇಲ್ಲಿಯ ಮಾರ್ವಾಡಿ ಕುಟುಂಬವೊಂದು ಮಗಳ ಮದುವೆಯನ್ನು ಸ್ಪೇನಿನ ಒಂದು ದ್ರಾಕ್ಷಿತೋಟದಲ್ಲಿ ಇಟ್ಟುಕೊಂಡಿತು. ಸಸ್ಯಾಹಾರದ ಅಡುಗೆಗೆ ಮಾವನನ್ನು ಕರೆದೊಯ್ದರು. ತೋಟದ ಒಡತಿ ಒಬ್ಬ ಮುದುಕಿ. ಅವಳೂ ಅವಳ ಮಗನೂ ಸೇರಿ ಮನೆಯ ಕೆಳಗಿನ ನೆಲಮಾಳಿಗೆಯಲ್ಲಿ ಸ್ವಲ್ಪವೇ ವೈನ್ ಮಾಡುತ್ತಿದ್ದರು. ದ್ರಾಕ್ಷಿ ಎಂದರೆ ಚಪ್ಪರ ಎಂದುಕೊಂಡಿದ್ದ ಮಾವನಿಗೆ ಅಲ್ಲಿ ಕಂಡದ್ದು ಕಲ್ಲುನೆಲದಲ್ಲಿ ಬದನೆ ಗಿಡದಂತೆ ಮೊಣಕಾಲೆತ್ತರ ನಿಂತ ಮುದಿ ಬಳ್ಳಿಗಳು. ಕಪ್ಪು ದ್ರಾಕ್ಷಿಯ ಹೆಸರು ಗಾರ್ನಾಚಾ, ಬಿಳಿಯದು ಮಕಾಬೆಯೊ. ಮುದುಕಿ ಇವರ ಪತ್ರೊಡೆ ತಿಂದು, ಖುಷಿಯಾಗಿ ಒಂದು ಗ್ಲಾಸ್ ಬಿಳಿ ವೈನ್ ಮುಂದೆ ಹಿಡಿದಳು. ಇವರು ಮೂಸಿದರು. ಅಲ್ಲಿಗೆ ಮುಗಿಯಿತು ಕಥೆ.

ಊರಿಗೆ ಬಂದವರೇ ಅವಳ ವೈನನ್ನು ಕಲ್ಕತ್ತೆಗೆ ತರಿಸಿ ಮಾರುತ್ತೇನೆಂದು ಹೊರಟರು. ಅಮ್ಮ ಕೆಂಡಾಮಂಡಲವಾದಳು. "ಪಂಕ್ತಿಗೆ ಬಡಿಸಿದ ಕೈಯಲ್ಲಿ ಹೆಂಡವಾ? ಮೂಗಿಗಿಂತ ಮೂಗುತಿ ಭಾರ ಆಯ್ತು ನಿನಗೆ!"

"ಬಾಯಿಗೆ ಹಾಕಿ ಉಗಿದ್ರೆ ಕುಡಿದ ಹಾಗೆ ಆಗುದಿಲ್ಲ ಅಕ್ಕ. ಹಲ್ಲು ಉಜ್ಜಿದ ಹಾಗೆ" ಎಂದರು ಮಾವ.

ನಿಜಕ್ಕೂ ಅವರು ಒಂದು ಗುಟುಕೂ ನುಂಗಲಿಲ್ಲ. ಆದರೆ ಅದಕ್ಕೆ ಜೊತೆಯಾಗುವ ಊಟ ಹುಡುಕುವುದೇ ಬದುಕಾಯಿತು. "ಗಾರ್ನಾಚಾ ಒಗರು. ಗೇರುಹಣ್ಣು ಚೀಪಿದ ಮೇಲೆ ನಾಲಗೆ ಹಿಡಿದ ಹಾಗೆ ಆಗ್ತದಲ್ಲ, ಅದು" ಎನ್ನುತ್ತಿದ್ದರು. ಬಂಗಾಳಿಗಳು ಎಳೆ ಹಲಸಿಗೆ 'ಗಾಛ್ ಪಾಂಠಾ', ಅಂದರೆ ಮರದ ಆಡು, ಎನ್ನುತ್ತಾರೆ. ಅದನ್ನು ತೆಂಗಿನೆಣ್ಣೆಯಲ್ಲಿ ಹುರಿದು, ಮಸಾಲೆ ಅರೆದು ಬೇಯಿಸಿ ಗಾರ್ನಾಚಾ ಜೊತೆ ಇಟ್ಟರು. ಅಮ್ಮನಿಗೆ ಹೇಳಬೇಡಿ, ನಾನು ರುಚಿ ನೋಡಿದ್ದೇನೆ. ಎಣ್ಣೆ ಒಗರನ್ನು ತೊಳೆದು ಹಣ್ಣಿನ ಸಿಹಿಯನ್ನಷ್ಟೇ ಉಳಿಸುತ್ತಿತ್ತು.

ಆಮೇಲೆ ಕೊರೊನಾ ಬಂತು. ಮಾವ ಬದುಕಿಕೊಂಡರು, ಮೂಗು ಸತ್ತಿತು. ಒಂದು ದಿನ ಹಾಲು ತಳಹಿಡಿದು ಸೀದು ಮನೆಯೆಲ್ಲ ನಾರುತ್ತಿದ್ದರೂ ಅವರು ಒಲೆಯ ಎದುರೇ ನಿಂತು ಪೇಪರ್ ಓದುತ್ತಿದ್ದರು. ಮಗಳು ಓಡಿ ಬಂದು ಒಲೆ ಆರಿಸಿದಾಗ ಅವರ ಮುಖ ನೋಡಲಾಗಲಿಲ್ಲ. ಕಾಯಿರಿ, ವಾಪಸ್ ಬರಬಹುದು ಎಂದರು ಡಾಕ್ಟರು. ಕಾದೆವು. ಬರಲಿಲ್ಲ.

ಅದೇ ಹೊತ್ತಿಗೆ ಸ್ಪೇನಿನಿಂದ ಮುದುಕಿಯ ಮಗನ ಫೋನ್. ವೈನಿಗೆ ಗಿರಾಕಿ ಇಲ್ಲ, ಬಳ್ಳಿ ಕಿತ್ತು ಜಾಗ ಮಾರುತ್ತೇನೆ ಎಂದ. ಹಿಂದೆ ಮುದುಕಿ ಅಳುತ್ತಿದ್ದದ್ದು ನಮಗೂ ಕೇಳಿಸಿತು. ಮಾವ ಅವನ ಕೈಕಾಲು ಹಿಡಿಯುವುದೊಂದು ಬಾಕಿ. ಇಲ್ಲಿಯ ದೊಡ್ಡ ಹೋಟೆಲೊಂದನ್ನು ಕಾಡಿಬೇಡಿ ಒಪ್ಪಿಸಿದರು: ರುಚಿ ನೋಡುತ್ತಾರೆ, ಹಿಡಿಸಿದರೆ ಆ ವರ್ಷದ ವೈನೆಲ್ಲ ಅವರೇ ಕೊಳ್ಳುತ್ತಾರೆ, ಬಳ್ಳಿ ಉಳಿಯುತ್ತದೆ. ಆದರೆ ಮೂಗಿಲ್ಲದವನ ಮಾತಿಗೆ ಯಾರು ವೈನ್ ಕೊಳ್ಳುತ್ತಾರೆ? "ಇನ್ನು ನೀನೇ ನನ್ನ ಮೂಗು" ಎಂದರು ಮಗಳಿಗೆ.

ಉಪಾಯ ಸುಲಭ. ಹೋಟೆಲಿನವರಿಗೆ ಕನ್ನಡ ಬಾರದು. ಅವಳು ತಟ್ಟೆ ಜೋಡಿಸುತ್ತಾ ಮೂಸಿ ಕನ್ನಡದಲ್ಲಿ ಹೇಳುವುದು, ಇವರು ಅದನ್ನೇ ಇಂಗ್ಲಿಷಿನಲ್ಲಿ ಬಣ್ಣಿಸುವುದು. ಮನೆಯಲ್ಲಿ ಪಾಠ ನಡೆಯಿತು. "ಇದು ಗೊಂಧೊರಾಜ್ ಲೇಬು ಥರ, ಅಪ್ಪ." "ಹೆರಳೆಕಾಯಿ ಸಿಪ್ಪೆ ಅನ್ನು ಮಗಾ." ಒಗರು, ಕಮಟು, ಸೊನೆ, ಘಾಟು: ಎಲ್ಲ ಕಲಿಸಿದರು.

ಆ ದಿನ ನಾನು ಹೌರಾದ ರೈಲ್ವೆ ಆಫೀಸಿಗೆ ರಜೆ ಹಾಕಿ ಹಲಸು, ಪತ್ರೊಡೆಗಳ ಡಬ್ಬಿ ಹೊತ್ತು ಹೋಟೆಲಿಗೆ ಹೋದೆ. ದೂರದ ಮೇಜಿನ ಬಳಿ ನಿಂತು ಬಡಿಸುತ್ತಿದ್ದೆ. ಬಿಳಿ ವೈನ್ ಸರಾಗವಾಗಿ ದಾಟಿತು. ಗಾರ್ನಾಚಾ ತೆಗೆದಾಗ ಹುಡುಗಿ ಮೂಸಿ ಹುಬ್ಬು ಗಂಟಿಕ್ಕಿದಳು. ತುಟಿ ಆಡುತ್ತಿದೆ, ಮಾತಿಲ್ಲ. ಮಾವ ಗ್ಲಾಸ್ ತಿರುಗಿಸುತ್ತಾ ಕಾದರು. ಕೊನೆಗೆ ಹೇಳಿದಳು, "ಮಣ್ಣಿನ ವಾಸನೆ, ಅಪ್ಪ."

ಮಾವನ ಮುಖ ಅರಳಿತು. ಮೊದಲ ಮಳೆ ಬಿದ್ದ ಮಣ್ಣು, ಕಲ್ಲುನೆಲ, ಮುದಿ ಬಳ್ಳಿ ಎಂದು ಹೊಗಳಿದ್ದೇ ಹೊಗಳಿದ್ದು. ಕೊಳ್ಳುವ ಅಧಿಕಾರಿ ಸಭ್ಯ ಬಂಗಾಳಿ; ಗ್ಲಾಸ್ ಕೆಳಗಿಟ್ಟ. "ದಾದಾ, ಈ ಬಾಟಲಿಯ ಕಾರ್ಕ್ ಕೆಟ್ಟು ವೈನಿಗೂ ವಾಸನೆ ಹಿಡಿದಿದೆ. ಬೇರೆ ತೆಗೆಯುತ್ತೀರೆಂದು ಕಾದೆ. ನೀವು ಇದನ್ನೇ ಹೊಗಳುತ್ತಿದ್ದೀರಿ" ಎಂದು ಹಿಂದಿಯಲ್ಲಿ ಹೇಳಿ ಎದ್ದ. ಬಾಟಲಿ ಕೆಟ್ಟರೆ ಕ್ಷಮೆ ಉಂಟು, ಕೆಟ್ಟದ್ದು ತಿಳಿಯದವನಿಗೆ ಇಲ್ಲ. ಆಮೇಲೆ ನಾನು ಆ ಗ್ಲಾಸ್ ಮೂಸಿದೆ. ಮುಗ್ಗಲು! ಮಳೆಗಾಲದಲ್ಲಿ ಮೂಲೆಗೆ ಬಿದ್ದ ಒದ್ದೆ ಗೋಣಿಯ ಮುಗ್ಗಲು.

ಟ್ಯಾಕ್ಸಿಯಲ್ಲಿ ನನಗೆ ಮೈಯೆಲ್ಲ ಉರಿ. "ಮುಗ್ಗಲು ಅನ್ಲಿಕ್ಕೆ ಎಂತ ಧಾಡಿ ನಿನಗೆ?" ಎಂದು ಕೂಗಿದೆ.

"ಆ ವರ್ಡ್ ಗೊತ್ತಿರ್ಲಿಲ್ಲ ಅಕ್ಕ" ಎಂದು ಬಿಕ್ಕಿದಳು.

"ಅವಳಿಗೆ ಬೈಬೇಡ" ಎಂದರು ಮಾವ, ಕಿಟಕಿಯ ಹೊರಗೆ ನೋಡುತ್ತಾ. "ಅವಳು ಎಲ್ಲಿ ಕೇಳ್ಬೇಕು? ನಾನು ಮನೆಯಲ್ಲಿ ಒಂದು ದಿನ ಅಕ್ಕಿ ಮುಗ್ಗಲು ಬರ್ಲಿಕ್ಕೆ ಬಿಟ್ಟವನಾ?"

ಬಳ್ಳಿ ಕೀಳುವ ವಿಡಿಯೊವನ್ನು ಮುದುಕಿಯ ಮಗ ಕಳಿಸಿದ. ಮಾವ ಮತ್ತೆ ಮತ್ತೆ ಹಾಕಿ ನೋಡಿದರು. ಬೇಡವೆಂದು ಫೋನ್ ಕಿತ್ತುಕೊಂಡರೆ ಮಗುವಿನಂತೆ ಕೈ ಚಾಚಿದರು. ವಾಸನೆಯಿಲ್ಲದ ಅನ್ನ ಕಾಗದ ಜಗಿದ ಹಾಗೆ ಎಂದು ಊಟ ಬಿಟ್ಟರು. ಬೇಡಿಕೊಂಡೆವು, ಗದರಿದೆವು, ಅಮ್ಮ ಊರಿನ ದೇವರಿಗೆಲ್ಲ ಹರಕೆ ಹೊತ್ತಳು. ದಿನೇದಿನೇ ಇಳಿದರು. ಕಣ್ಣೆದುರೇ ಮನುಷ್ಯ ಕರಗುವುದನ್ನು ನೋಡಿಕೊಂಡು ಕೈಕಟ್ಟಿ ಕೂರುವ ಕಷ್ಟ ಹಗೆಗೂ ಬೇಡ.

ಒಂದು ಭಾನುವಾರ ಬೆಳಿಗ್ಗೆ, "ಒಂದು ಗಾರ್ನಾಚಾ ಉಳಿದುಂಟಲ್ಲ, ತೆಗಿ" ಎಂದರು. ಮಗಳು ಹಾಸಿಗೆಯ ಬದಿಯಲ್ಲೇ ಕಾರ್ಕ್ ಎಳೆದಳು. ಪಕ್ಕದಲ್ಲಿದ್ದ ನನಗೆ ತಕ್ಷಣ ತಿಳಿಯಿತು. ಅದೇ ಮುಗ್ಗಲು. ಅವಳಿಗೂ ತಿಳಿಯಿತು, ಈ ಸಲ ಪದವೂ ಗೊತ್ತಿತ್ತು. ನನ್ನ ಮುಖ ನೋಡಿದಳು.

"ಎಂತ ವಾಸನೆ ಮಗಾ?"

"ಮಣ್ಣಿನ ವಾಸನೆ, ಅಪ್ಪ. ಮೊದಲ ಮಳೆ ಬಿದ್ದದ್ದು."

ಮಾವ ಗ್ಲಾಸನ್ನು ಆ ಕಲೆಬಿದ್ದ ಮೂಗಿನ ಕೆಳಗೆ ಹಿಡಿದು ಕಣ್ಣು ಮುಚ್ಚಿದರು. "ಹಾಗಾದ್ರೆ ಅವತ್ತು ನೀನು ಹೇಳಿದ್ದೂ ಸರಿಯೇ" ಎಂದರು.

ಆ ವಾರವೇ ಹೋದರು. ಈಗಲೂ ಮಳೆಗಾಲದಲ್ಲಿ ಅವಳ ಮನೆಯ ಅಕ್ಕಿ ಡಬ್ಬಿ ತೆಗೆದು "ಮುಗ್ಗಲು ಬಂದಿದೆಯಲ್ಲೇ" ಎಂದರೆ ಅವಳು ಒಪ್ಪುವುದಿಲ್ಲ. "ಇಲ್ಲ ಅಕ್ಕ, ಮಣ್ಣಿನ ವಾಸನೆ" ಎನ್ನುತ್ತಾಳೆ.