ಗುರುತು ತೋರಿಸದ ಮಕ್ಕಳು

ಮಂಗಳೂರಿನಿಂದ ಬಂದ ಸಿರಿಲ್ ಅಂಕಲ್‌ಗೆ ಸಿಡ್ನಿಯಲ್ಲಿ ನೂರಾರು ಹುಡುಗ ಹುಡುಗಿಯರ ಪರಿಚಯ. ಆದರೆ ದಾರಿಯಲ್ಲಿ ಎದುರಾದರೆ ಮಾತಾಡಿಸುವವರು ಒಬ್ಬರೂ ಇಲ್ಲ. ಅದು ಅಂಕಲ್ ತಾವೇ ಮಾಡಿದ ನಿಯಮ. ಬಡ ಸಬರ್ಬ್‌ಗಳ ಇಕ್ಕಟ್ಟಾದ ಮನೆಗಳಲ್ಲಿ, ಒಂದೇ ಕೋಣೆಯಲ್ಲಿ ಮೂರು ನಾಲ್ಕು ಜನ ರೆಂಟ್ ಹಂಚಿಕೊಂಡಿರುವ, ಊರು ಬಿಟ್ಟು ಕಾಲೇಜು ಓದಲು ಬಂದ ಮಕ್ಕಳ ಬಳಿ ಹೋಗಿ ಎಚ್‌ಐವಿ ಬಗ್ಗೆ ತಿಳಿಹೇಳುವುದು, ಕಾಂಡೋಮ್ ಕೊಡುವುದು, ರಕ್ತಪರೀಕ್ಷೆಗೆ ಜೊತೆಯಲ್ಲಿ ಹೋಗುವುದು ಅವರ ಕೆಲಸ. ಹೊರಡುವಾಗ ಒಂದು ಮಾತು ತಪ್ಪದೆ ಹೇಳುತ್ತಾರೆ.

"ಹೊರಗೆ ಸಿಕ್ಕಿದ್ರೆ ನನ್ನ ಗುರುತು ಉಂಟಂತ ತೋರಿಸ್ಬೇಡಿ. ನನ್ನ ಹತ್ರ ಮಾತಾಡಿದ್ರೆ ನಿಮಗೂ ಆ ಕಾಯಿಲೆ ಉಂಟು ಅಂತಾರೆ ಜನ."

ಅಂತಾರೆ, ಸುಳ್ಳಲ್ಲ. ನಮ್ಮ ಜನಕ್ಕೆ ಬೇರೆ ಕೆಲಸ ಏನಿದೆ? ಪೆಂಡಲ್ ಹಿಲ್‌ನ ದಿನಸಿ ಅಂಗಡಿಯಲ್ಲಿ ಅವರ ಹಿಂದೆ ನಿಂತವರು ಒಂದು ಹೆಜ್ಜೆ ಹಿಂದೆ ಸರಿದದ್ದನ್ನು ನಾನೇ ಕಂಡಿದ್ದೇನೆ.

ಕಳೆದ ತಿಂಗಳು ಅವರ ಹೆಂಡತಿ ಇಡಾ ತೀರಿಕೊಂಡರು. ಅಂತ್ಯಕ್ರಿಯೆಯ ದಿನ ಚರ್ಚಿನೊಳಗೆ ಮುಂದಿನ ಬೆಂಚುಗಳಲ್ಲಿ ನಾವು ಕೆಲವೇ ನೆರೆಹೊರೆಯವರಿದ್ದೆವು. ಹಿಂದಿನ ಬೆಂಚುಗಳು ಮಾತ್ರ ತುಂಬಿದ್ದವು. ಎಲ್ಲ ಎಳೆಯ ಮುಖಗಳು. ಕೆಲವರ ಕಾಲ ಬಳಿ ಊಟದ ಡೆಲಿವರಿ ಬ್ಯಾಗುಗಳು. ಪೂಜೆ ಮುಗಿದ ಮೇಲೆ ನಾವು ಒಬ್ಬೊಬ್ಬರಾಗಿ ಅಂಕಲ್ ಕೈ ಹಿಡಿದೆವು. ಆ ಮಕ್ಕಳು ಎದ್ದು ನಿಂತರು, ಹತ್ತಿರ ಬರಲಿಲ್ಲ. ಒಬ್ಬಳು ಬಾಯಿಗೆ ಕೈ ಒತ್ತಿಕೊಂಡು ಅಳುತ್ತಿದ್ದಳು.

"ಅವರೆಲ್ಲ ಯಾರು ಅಂಕಲ್?" ಎಂದು ಕೇಳಿದೆ.

ಅವರು ಆ ಕಡೆ ನೋಡಿದರು.

"ಗುರುತಿಲ್ಲ ಮಾರಾಯ," ಎಂದರು.