ಕುಂಕುಮದಡಿಯ ನಂಬರ್

ಕರೆಂಟ್ ಹೋಗಬಹುದು. ಹೊಸಕೋಟೆಯ ಗುಜರಿಯಿಂದ ತಂದ ಮದರ್‌ಬೋರ್ಡ್ ಹೊಗೆಯಾಡಬಹುದು. ಕಾರ್ಡ್ ಸುಟ್ಟುಹೋಗಬಹುದು. ಏರ್‌ಪೋರ್ಟ್ ಕಡೆಯ ಟ್ರಾಫಿಕ್ಕಿನಲ್ಲಿ ಸರೋಜಾ ಸಿಕ್ಕಿಹಾಕಿಕೊಳ್ಳಬಹುದು. ನನಗೆ ಬಿಪಿ ಏರಬಹುದು. (ಏರಿತು. ಅದು ಲೆಕ್ಕಕ್ಕಿಲ್ಲ, ದಿನಾ ಏರುತ್ತದೆ.)

ವಿಷಯ ಇಷ್ಟು. ದೊಡ್ಡಬಳ್ಳಾಪುರದಲ್ಲಿ ನಮ್ಮಕ್ಕನಿಗೆ ನಾಲ್ಕು ರೇಷ್ಮೆ ಮಗ್ಗಗಳಿವೆ. ಸೀರೆಯ ಡಿಸೈನು ರಟ್ಟಿನ ಮೇಲೆ ತೂತುಗಳಾಗಿ ಬಂದರೇ ಮಗ್ಗಕ್ಕೆ ಅರ್ಥವಾಗುವುದು. ಆ ತೂತು ಹೊಡೆಯುವ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸುವುದು ಒಂದು ಉದ್ದನೆಯ ಐಎಸ್‌ಎ ಕಾರ್ಡ್. ಈಗಿನ ಕಂಪ್ಯೂಟರುಗಳಲ್ಲಿ ಅದನ್ನು ಸಿಕ್ಕಿಸಲು ಜಾಗವೇ ಇಲ್ಲ. ಮದುವೆ ಸೀರೆಗಳ ಆರ್ಡರ್ ಬಂದ ವಾರವೇ ಹಳೇ ಕಂಪ್ಯೂಟರ್ ಸತ್ತಿತು. ಶುಕ್ರವಾರದೊಳಗೆ ರಟ್ಟು ಸಿದ್ಧವಾಗದಿದ್ದರೆ ಆರ್ಡರ್ ಬೇರೆಯವರ ಪಾಲು.

ಬೆಂಗಳೂರಿನ ಅಂಗಡಿಯವರು "ಎಲ್ಲಾ ಎಸೆದು ಹೊಸದು ತಗೊಳ್ಳಿ ಸಾರ್" ಎಂದರು. ಪಕ್ಕದೂರು ಮಧುರೆಯ ಸರೋಜಾ ಹಾಗೆನ್ನಲಿಲ್ಲ. ಏರ್‌ಪೋರ್ಟಿನಲ್ಲಿ ಲಗೇಜ್ ಬೆಲ್ಟ್ ರಿಪೇರಿ ಮಾಡುವವಳು, ರಜೆ ಹಾಕಿ, ಆ ಕಾರ್ಡಿಗೆ ಜಾಗವಿರುವ ಹಳೇ ಮದರ್‌ಬೋರ್ಡನ್ನು ಗುಜರಿಯಲ್ಲಿ ಹುಡುಕಿಕೊಂಡು ಬಂದಳು.

"ಈಗಿನ ವಿಂಡೋಸ್ ಇದನ್ನ ಮೂಸೂ ನೋಡಲ್ಲ ಕಣಣ್ಣ. ಲಿನಕ್ಸ್ ಹಾಕ್ತೀನಿ. ಈ ಕಾರ್ಡ್‌ನ ಓಡ್ಸೋ ಪ್ರೋಗ್ರಾಂ, ಡ್ರೈವರ್ ಅಂತಾರೆ, ಅದರಲ್ಲಿ ಇನ್ನೂ ಇಟ್ಟಿದಾರೆ."

"ಯಾರು?"

"ಯಾರೋ. ಯಾರ ಮನೇಲಾದ್ರೂ ಇಂಥ ಕಾರ್ಡ್ ಇರ್ಬೋದು ಅಂತ ಅಳಿಸದೆ ಬಿಟ್ಟಿದಾರೆ."

ಅಬ್ಬಾ! ಕಾಣದ ಊರಿನ ಯಾರೋ ನಮ್ಮಕ್ಕನ ಮಗ್ಗಕ್ಕಾಗಿ ಚಿಂತೆ ಮಾಡಿದ್ದಾರೆ. ನಾನೂ ಚಿಂತೆ ಮಾಡುತ್ತೇನೆ. ಯಾರಿಗೆ ಉಪಯೋಗ?

"ಹೊಸ ಕಾರ್ಡ್‌ಗಳು ತಾವೇ ಪರಿಚಯ ಹೇಳ್ಕೊಂಡು ಬರ್ತವೆ. ಇದು ಬಾಯೇ ಬಿಡಲ್ಲ. ಎಲ್ಲಿ ಕೂತಿದೆ ಅಂತ ಡ್ರೈವರ್‌ಗೆ ನಾವೇ ನಂಬರ್ ಕೊಡ್ಬೇಕು. ಕಾರ್ಡ್ ಮೇಲೇ ಬರ್ದಿರುತ್ತೆ."

ಬರೆದಿದ್ದ ಜಾಗದಲ್ಲಿ ಕುಂಕುಮ ಗಟ್ಟಿಯಾಗಿ ಕೂತಿತ್ತು! ಪ್ರತಿ ಆಯುಧಪೂಜೆಗೂ ಅಕ್ಕ ಕಂಪ್ಯೂಟರಿನ ಡಬ್ಬ ಬಿಚ್ಚಿಸಿ ಒಳಗೆಲ್ಲ ಬೊಟ್ಟಿಡುತ್ತಿದ್ದಳಂತೆ.

"ಒಳಗ್ಯಾಕಕ್ಕಾ ಇಟ್ಟೆ?" ಎಂದೆ.

"ಹೊರಗಡೆ ತಗಡಿಗೆ ಇಟ್ರೆ ಒಳಗಿನವಕ್ಕೆ ಮುಟ್ಟುತ್ತೇನಲಾ?" ಎಂದು ನನ್ನನ್ನೇ ಗದರಿದಳು.

ಸರೋಜಾ ನಗಲಿಲ್ಲ. ಪೆನ್ಸಿಲ್ ರಬ್ಬರ್ ತೆಗೆದು, ಮಗುವಿನ ಕೆನ್ನೆ ಒರೆಸುವಂತೆ ಮೆಲ್ಲಗೆ ಉಜ್ಜಿದಳು. ಒಂದೊಂದೇ ಅಂಕಿ ಕಾಣಿಸಿತು. ಟೈಪ್ ಮಾಡಿದಳು.

ಯಂತ್ರ ಟಕ್ ಎಂದಿತು. ಆಮೇಲೆ ಟಕಟಕಟಕ. ಅಕ್ಕ ಕೈ ಮುಗಿದಳು. ಕಾರ್ಡಿಗೋ, ಸರೋಜಾಗೋ?

ಶುಕ್ರವಾರ ನಾಲ್ಕೂ ಮಗ್ಗ ಆಡಿದವು. ಕಾರ್ಡ್ ಸುಡಲಿಲ್ಲ, ಗುಜರಿಯ ಬೋರ್ಡ್ ಹೊಗೆಯಾಡಲಿಲ್ಲ, ಕರೆಂಟೂ ಹೋಗಲಿಲ್ಲ.

ಕೆಟ್ಟಿದ್ದು ಒಂದೇ: ಕರೆಂಟ್ ಹೋದರೆ ಇರಲಿ ಎಂದು ನಾನು ಅಂದೇ ಕೊಂಡು ತಂದಿದ್ದ ಹೊಚ್ಚಹೊಸ ಯುಪಿಎಸ್.