ಮಾಘದಲ್ಲಿ ಕೂತ ಶಾರದೆ

೧೯೫೭ರ ಜೂನ್‌ನಲ್ಲಿ ನನ್ನನ್ನು ಸೊರಬ ತಾಲ್ಲೂಕಿನ ಕಾಡಂಚಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ವರ್ಗ ಮಾಡಿದರು. ಅದು ಏಕೋಪಾಧ್ಯಾಯ ಶಾಲೆ. ಎಂದರೆ ಒಂದನೆಯ ತರಗತಿಯಿಂದ ನಾಲ್ಕನೆಯದರವರೆಗೆ ಒಂದೇ ಕೋಣೆ, ಒಬ್ಬನೇ ಮೇಷ್ಟ್ರು. ಕಸ ಗುಡಿಸುವುದರಿಂದ ಹಿಡಿದು ಗಂಟೆ ಹೊಡೆಯುವವರೆಗೆ ಎಲ್ಲವೂ ಅವನದೇ. ನಾನು ಶಿರಾಳಕೊಪ್ಪದವನು, ಸಂತೆಯ ಗದ್ದಲದಲ್ಲಿ ಬೆಳೆದವನು. ಕಾಡು ಎಂದರೆ ಬಸ್ಸಿನ ಕಿಟಕಿಯಿಂದ ನೋಡುವುದು ಎಂದಷ್ಟೇ ತಿಳಿದಿದ್ದೆ. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಮನೆಗಳವರು ಈಗಲೂ ಅಲ್ಲಿದ್ದಾರೆ, ಓದಬಲ್ಲವರಾಗಿದ್ದಾರೆ. ಅವರ ಸಂಕಟವನ್ನು ನಾನು ಹೆಸರು ಹಿಡಿದು ಸಾರುವುದು ಸರಿಯಲ್ಲ.

ಆ ಕಾಲದಲ್ಲಿ ಹಳ್ಳಿಯ ಮಕ್ಕಳು ಶಾಲೆಗೆ ಬರುತ್ತಿದ್ದದ್ದು ಹಬ್ಬಗಳ ಆಸೆಗೆ. ಇದನ್ನು ಟ್ರೈನಿಂಗ್ ಸ್ಕೂಲಿನಲ್ಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಗಸ್ಟ್ ಹದಿನೈದಕ್ಕೆ ಮಕ್ಕಳು ಮಳೆಗೆ ಎಲೆಯ ಗೊರಬು ಸೂಡಿಕೊಂಡೇ ಪ್ರಭಾತ್ ಫೇರಿ ಹೊರಟರು. ಬಾವುಟ ಒದ್ದೆಯಾಗಿ ಕೋಲಿಗೆ ಅಂಟಿಕೊಂಡಿತ್ತು, ಘೋಷಣೆ ಮಾತ್ರ ಪಕ್ಕದ ಊರಿಗೆ ಕೇಳುವಂತಿತ್ತು. ಆಮೇಲೆ ಗಣಪತಿ, ನವರಾತ್ರಿಗೆ ಶಾರದಾ ಪೂಜೆ, ನವೆಂಬರ್ ಒಂದಕ್ಕೆ ರಾಜ್ಯದ ಹಬ್ಬ, ಸುಗ್ಗಿ ಮುಗಿದ ಮೇಲೆ ಎತ್ತಿನ ಗಾಡಿಯಲ್ಲಿ ಬಳ್ಳಿಗಾವಿಯ ದೇವಸ್ಥಾನಗಳಿಗೆ ಪ್ರವಾಸ. ಹಬ್ಬ ಹತ್ತಿರ ಬಂತೆಂದರೆ ಹಾಜರಿ ತುಂಬುತ್ತಿತ್ತು, ಮುಗಿಯಿತೆಂದರೆ ಖಾಲಿಯಾಗುತ್ತಿತ್ತು. ಇನ್‌ಸ್ಪೆಕ್ಟರು ಬರುವ ಸುದ್ದಿ ಸಿಕ್ಕಿದರೆ ನಾನೂ ಯಾವುದಾದರೂ ಜಯಂತಿಯನ್ನು ಹುಡುಕುತ್ತಿದ್ದೆ.

ಈ ಎಲ್ಲ ಸಂಭ್ರಮಕ್ಕೂ ಯಜಮಾನಿ ನಾಲ್ಕನೆಯ ತರಗತಿಯ ಬಂಗಾರಿ. ತಾಳ ಅವಳ ಕೈಯಲ್ಲೇ ಇರಬೇಕು, ಮೊದಲ ಸಾಲನ್ನು ಅವಳೇ ಎತ್ತಬೇಕು. ನಾನು ಶ್ರುತಿ ತಪ್ಪಿದರೆ ತಾಳ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಸ್ವಲ್ಪ ಮುಂಗೋಪಿ, ಮಕ್ಕಳು ಹೆದರುತ್ತಿದ್ದರು. ಇವಳಿಗೆ ಮಾತ್ರ ಆ ಹೆದರಿಕೆ ಇರಲಿಲ್ಲ. ಅವಳ ಅಪ್ಪ ತಿಮ್ಮಪ್ಪ ಗೇಣಿ ಗದ್ದೆ ಮಾಡುತ್ತಿದ್ದ, ಅವ್ವ ಕನ್ನಮ್ಮ. ಮನೆಯಲ್ಲಿ ಎರಡು ಎತ್ತು, ಒಂದು ಎಮ್ಮೆ, ಒಬ್ಬಳೇ ಮಗಳು.

೧೯೫೮ರ ಸಂಕ್ರಾಂತಿ ಕಳೆದ ಮೇಲೆ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅದರ ಹಿಂದಿನ ಬೇಸಿಗೆಯಲ್ಲೂ ಸತ್ತಿದ್ದವಂತೆ, ಅಲ್ಲಲ್ಲಿ ಜನಕ್ಕೂ ಜ್ವರ ಬಂದಿತ್ತಂತೆ. ಆ ಊರಿನಲ್ಲಿ ಸತ್ತ ಮಂಗನನ್ನು ಹಾಗೆಯೇ ಬಿಡುವ ಪದ್ಧತಿಯಿರಲಿಲ್ಲ. ಹನುಮಂತನ ವಂಶವೆಂದು ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಮಣೆಯ ಮೇಲೆ ಕೂರಿಸಿ, ಭಜನೆಯೊಂದಿಗೆ ಮೆರವಣಿಗೆ ಮಾಡಿ ಮಣ್ಣು ಮಾಡುತ್ತಿದ್ದರು. ಶಾಲೆಯ ಹಿಂದಿನ ಮತ್ತಿ ಮರದಡಿ ಒಂದು ಮುಸಿಯ, ಎಂದರೆ ಕಪ್ಪು ಮೋರೆಯ ಮಂಗ, ಸತ್ತು ಬಿದ್ದಾಗಲೂ ಹಾಗೆಯೇ ಮಾಡಿದರು. ತಿಮ್ಮಪ್ಪ ಅದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಹಣೆಗೆ ಕುಂಕುಮವಿಟ್ಟ. ಅದರಲ್ಲಿ ತಪ್ಪೇನಿದೆಯೆಂದು ಆ ದಿನ ಯಾರಿಗೂ ತಿಳಿದಿರಲಿಲ್ಲ. ನಾನೂ ಕೈಮುಗಿದೆ.

ವಾರದೊಳಗೆ ತಿಮ್ಮಪ್ಪನಿಗೆ ಜ್ವರ ಬಂತು. ತಲೆ ಸಿಡಿಯುವ ನೋವು, ಕೆಂಡದಂಥ ಕಣ್ಣು, ಆಮೇಲೆ ಮೂಗಿನಲ್ಲಿ ರಕ್ತ. ಊರಿನ ಇನ್ನೂ ಮೂರು ಮನೆಗಳಲ್ಲಿ ಮಲಗಿದರು. ಆಗ ಜೀಪಿನಲ್ಲಿ ಹೆಲ್ತ್ ಇನ್‌ಸ್ಪೆಕ್ಟರು ಬಂದು ಶಾಲೆಯ ಜಗಲಿಯಲ್ಲಿ ಜನರನ್ನು ಸೇರಿಸಿದರು. ಮಂಗ ಸತ್ತ ಕೂಡಲೇ ಅದರ ಮೈಯಲ್ಲಿದ್ದ ಉಣುಗುಗಳು ಕೆಳಗಿಳಿದು ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ, ಅವು ಕಚ್ಚಿದರೆ ಈ ಜ್ವರ, ಮಳೆ ಬೀಳುವವರೆಗೆ ಕಾಡಿನ ಕಡೆ ಯಾರೂ ಹೋಗಬೇಡಿ ಎಂದರು. ಎಲ್ಲರೂ ತಲೆಯಾಡಿಸಿದರು. ಜೀಪು ಹತ್ತುವಾಗ ನಾನು ಅವರನ್ನು ಔಷಧಿ ಕೇಳಿದೆ.

"ಔಷಧಿ ಇಲ್ಲ ಕಣ್ರಿ," ಎಂದರು ಅವರು. "ಕಾಡಿಗೆ ಹೋಗದೆ ಇರೋದೇ ಔಷಧಿ."

ತಲೆಯಾಡಿಸಿದ ಜನ ಮರುದಿನವೇ ಕಾಡಿಗೆ ಹೋದರು. ಹೋಗದೆ ಅವರಿಗೆ ಗತಿಯಿರಲಿಲ್ಲ. ಮಾಘ, ಫಾಲ್ಗುಣವೆಂದರೆ ಅಲ್ಲಿ ದರಗು ಗುಡಿಸುವ ಕಾಲ. ಉದುರಿದ ಒಣ ಎಲೆಗೆ ಅಲ್ಲಿ ದರಗು ಎನ್ನುತ್ತಾರೆ. ಅದನ್ನು ಕೊಟ್ಟಿಗೆಯಲ್ಲಿ ದನಗಳ ಕೆಳಗೆ ಹಾಸಿದರೆ ಸಗಣಿ ಗಂಜಲ ಸೇರಿ ಗೊಬ್ಬರವಾಗುತ್ತದೆ, ಗೊಬ್ಬರವಿಲ್ಲದೆ ಗದ್ದೆಯಿಲ್ಲ. ಆ ಕೆಲಸ ಹೆಚ್ಚಾಗಿ ಮಕ್ಕಳದು. ಗುಡಿಸುವುದು, ಬುಟ್ಟಿಗೆ ತುಂಬುವುದು, ತುಂಬಿದ್ದನ್ನು ಹತ್ತಿ ತುಳಿಯುವುದು, ಬರಿಗಾಲಿನಲ್ಲಿ. ನನ್ನ ಕೋಣೆಯಲ್ಲಿ ಬೆರಳೆಣಿಕೆಯ ಮಕ್ಕಳು ಉಳಿದರು. ಮಿಕ್ಕವರೆಲ್ಲ ಉಣುಗಿನ ಬಾಯಿಯಲ್ಲಿದ್ದಾರೆಂಬುದು ನನಗೆ ಗೊತ್ತಿತ್ತು.

ಮನೆಮನೆಗೆ ಹೋದೆ. ಬೈದೆ, ಕೈಮುಗಿದೆ, ಪೊಲೀಸರನ್ನು ಕರೆಸುತ್ತೇನೆಂದು ಸುಳ್ಳು ಹೆದರಿಸಿದೆ. ಒಬ್ಬ ಮುದುಕ ಮಾತ್ರ ಬಾಯಿಬಿಟ್ಟು ಉತ್ತರ ಕೊಟ್ಟ.

"ನಮ್ ಕೊಟ್ಟಿಗೆಗೆ ದರಗು ನೀವು ತಂದ್ ಹಾಕ್ತೀರೇನ್ರಿ ಮೇಷ್ಟ್ರೆ?"

ತಿರುಗಿ ಬರುವಾಗ ದಾರಿಯಲ್ಲಿ ಹೊಳೆದದ್ದು ನವರಾತ್ರಿಯ ಒಂದು ಪದ್ಧತಿ. ಶಾರದೆಯ ಪಟದ ಮುಂದೆ ಸ್ಲೇಟು, ಪುಸ್ತಕ ಇಟ್ಟ ಮಗು, ಪೂಜೆ ಮುಗಿಸಿ ಶಾರದಮ್ಮನನ್ನು ಎಬ್ಬಿಸುವವರೆಗೆ ಆ ಅಮ್ಮನ ಪಾಲು. ಆ ಮಗುವಿನ ಕೈಗೆ ಕತ್ತಿ ಕೊಡುವಂತಿಲ್ಲ, ಬುಟ್ಟಿ ಹೊರಿಸುವಂತಿಲ್ಲ, ಎರಡು ಹೊತ್ತೂ ಪೂಜೆಗೆ ಅದು ಶಾಲೆಯಲ್ಲಿರಬೇಕು. ಆ ಊರಿನವರು ಸರ್ಕಾರಕ್ಕೆ ಅಂಜದಿದ್ದರೂ ಇದಕ್ಕೆ ಅಂಜುತ್ತಿದ್ದರು. ಹಾಗಾದರೆ ಶಾರದೆಯನ್ನು ಈಗಲೇ ಕೂರಿಸಿಬಿಡೋಣ, ಮಳೆ ಬೀಳುವವರೆಗೆ ಎಬ್ಬಿಸುವುದೇ ಬೇಡ ಎಂದು ನಿಶ್ಚಯಿಸಿದೆ.

ಪಟೇಲರು ಕೆಂಡವಾದರು. "ಮಾಘದಾಗೆ ಶಾರದೆ ಕೂರ್ಸೋದು ಯಾವ ಶಾಸ್ತ್ರ ಮೇಷ್ಟ್ರೆ?" ಎಂದರು.

"ಮಂಗ ಹೀಗೆ ಸಾಯೋದು ಯಾವ ಶಾಸ್ತ್ರ ಪಟೇಲ್ರೆ? ಅಮ್ಮ ನಾಲ್ಕು ದಿನ ನಮ್ಮ ನಡುವೆ ಕೂತಿದ್ರೆ ನಮಗೇನು ಭಾರ?" ಎಂದೆ.

ಅವರು ಒಪ್ಪಿದರೋ ಬಿಟ್ಟರೋ ತಿಳಿಯಲಿಲ್ಲ, ಊರ ಹೆಂಗಸರಂತೂ ಒಪ್ಪಿದರು. ಇಂಥ ಕಾಲದಲ್ಲಿ ದೇವರು ಕೂರುತ್ತದೆ ಎಂದರೆ ಬೇಡವೆನ್ನಲು ಅವರಿಗೆ ಮನಸ್ಸು ಬರಲಿಲ್ಲ. ಮಕ್ಕಳು ಸ್ಲೇಟು ತಂದು ಇಟ್ಟರು. ಸ್ಲೇಟೆಲ್ಲ ದೇವರ ಮುಂದಿರುವಾಗ ಬರೆಯುವುದು ಯಾವುದರ ಮೇಲೆ? ಮಗ್ಗಿ ಬಾಯಲ್ಲಿ, ಲೆಕ್ಕ ಬಾಯಲ್ಲಿ, ಆಮೇಲೆ ಕೋಲಾಟ, ಕಥೆ, ನಾಟಕ. ಒಂದು ವರ್ಷದ ಹಬ್ಬವನ್ನೆಲ್ಲ ಆ ಬೇಸಿಗೆಗೆ ತುಂಬಿದೆ. ಅಲ್ಲಿ ಆಗಸ್ಟ್ ಹದಿನೈದೂ ಇನ್ನೊಮ್ಮೆ ಬಂತು, ಸುಡು ಬಿಸಿಲಿನಲ್ಲಿ. ದೊಡ್ಡವರು ದರಗಿಗೆ ಹೋಗುವುದನ್ನು ತಡೆಯುವ ಶಕ್ತಿ ನನಗಿರಲಿಲ್ಲ, ಮಕ್ಕಳಂತೂ ಕೋಣೆಯೊಳಗಿದ್ದರು. ಸ್ಲೇಟು ಇಟ್ಟ ಆ ಮೊದಲ ದಿನ ಬಂಗಾರಿ ಬಂದಿರಲಿಲ್ಲ, ಅಪ್ಪನ ಹತ್ತಿರ ಕೂತಿದ್ದಳು. ನಾಳೆ ಅವಳ ಸ್ಲೇಟು ಇಡಿಸಿದರಾಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ತಿಮ್ಮಪ್ಪ ತೀರಿಕೊಂಡ.

ಆ ಮನೆಗೆ ಸೂತಕ ಬಂತು. ಸೂತಕದ ಮಗು ದೇವರು ಕೂತ ಕೋಣೆಯ ಹೊಸ್ತಿಲು ದಾಟುವಂತಿಲ್ಲ, ಸ್ಲೇಟು ಇಡುವಂತಿಲ್ಲ. ಗಂಡನನ್ನು ಕಳೆದುಕೊಂಡ ಕನ್ನಮ್ಮ ಆ ದಿನಗಳಲ್ಲಿ ಮನೆಯಿಂದ ಹೊರಗೆ ಕಾಲಿಡುವಂತಿಲ್ಲ. ಕೊಟ್ಟಿಗೆಯಲ್ಲಿ ಎತ್ತು, ಎಮ್ಮೆ ನಿಂತಿವೆ. ದರಗು ತರಲು ಉಳಿದವಳು ಬಂಗಾರಿ ಒಬ್ಬಳೇ. ಎಲ್ಲ ಮಕ್ಕಳನ್ನೂ ಒಳಗೆ ಹಿಡಿದಿಡಲು ನಾನು ಹೂಡಿದ ಉಪಾಯ ಆ ಒಬ್ಬಳನ್ನು ಹೊರಗೆ ನಿಲ್ಲಿಸಿತು. ಅಕ್ಕಪಕ್ಕದವರು ಪದ್ಧತಿಯಂತೆ ಆ ಮನೆಗೆ ಅನ್ನ ಸಾರು ಒಯ್ದರು. ದರಗನ್ನೂ ಕೊಡಿ ಎಂದು ಕೇಳಿದೆ. ಆದರೆ ಮಕ್ಕಳು ಶಾಲೆಯಲ್ಲಿದ್ದುದರಿಂದ ಅವರವರ ಮನೆಯಲ್ಲೇ ದರಗಿಗೆ ತತ್ವಾರವಾಗಿತ್ತು.

ತಡೆಯಲಾರದೆ ಕನ್ನಮ್ಮನ ಮನೆಯ ಮುಂದೆ ಹೋಗಿ ನಿಂತೆ. ಸೂತಕ ಗೀತಕ ನಾನು ನೋಡಿಕೊಳ್ಳುತ್ತೇನೆ, ಮಗಳನ್ನು ಕಳಿಸು ಎಂದೆ. ಅವಳು ಬಾಗಿಲ ಮರೆಯಿಂದಲೇ ಮಾತಾಡಿದಳು.

"ಬ್ಯಾಡ ಮೇಷ್ಟ್ರೆ. ನಮ್ಮನೆ ಮೈಲಿಗೆ ತಟ್ಟಿ ಅಮ್ಮ ಎದ್ದು ಹೋದ್ರೆ ಉಳಿದೋರ ಮಕ್ಳ ಗತಿ ಏನು? ಸೂತಕ ಕಳೀಲಿ, ಕಳಿಸ್ತೀನಿ."

ಇಂಥ ಒಳ್ಳೆಯತನದ ಮುಂದೆ ಯಾವ ವಾದ ನಡೆಯುತ್ತದೆ? ಬಲವಂತ ಮಾಡಿದರೆ ಮಿಕ್ಕ ಮನೆಯವರು ಸ್ಲೇಟು ಎತ್ತಿಕೊಂಡು ಹೋಗುವುದು ಖಂಡಿತವಾಗಿತ್ತು. ಅವತ್ತು ಸಂಜೆ ಪೂಜೆಯಾದ ಮೇಲೆ ನಾನೇ ಬುಟ್ಟಿ ತೆಗೆದುಕೊಂಡು ಕಾಡಿಗೆ ಹೋದೆ. ಉಣುಗು ಹತ್ತದಿರಲೆಂದು ಹೆಲ್ತ್ ಇನ್‌ಸ್ಪೆಕ್ಟರು ಕೊಟ್ಟುಹೋಗಿದ್ದ ಎಣ್ಣೆಯನ್ನು ಕಾಲಿಗೆ ಬಳಿದುಕೊಂಡು, ಪಂಚೆಯ ಬದಲು ಹಳೆಯ ಪ್ಯಾಂಟು ಹಾಕಿಕೊಂಡು ದರಗು ಗುಡಿಸಿದೆ. ಬುಟ್ಟಿ ತುಂಬುವ ಕ್ರಮ ಗೊತ್ತಿಲ್ಲದೆ ಅರ್ಧ ದಾರಿಯಲ್ಲೇ ಚೆಲ್ಲಿತು. ಜಗಲಿಗಳ ಮೇಲಿದ್ದವರು ನಕ್ಕರು. ನಗಲಿ ಎಂದುಕೊಂಡು ತಿಮ್ಮಪ್ಪನ ಕೊಟ್ಟಿಗೆಯ ಮುಂದೆ ಸುರಿದು ಬಂದೆ. ನಾಳೆಯೂ ತರುತ್ತೇನೆ, ಮಗಳನ್ನು ಮಾತ್ರ ಕಾಡಿಗೆ ಕಳಿಸಬೇಡ ಎಂದು ಕನ್ನಮ್ಮನಿಗೆ ಕೂಗಿ ಹೇಳಿದೆ.

ಮಾರನೆಯ ಸಂಜೆ ಹೋದರೆ ಕೊಟ್ಟಿಗೆಯ ಮುಂದೆ ದರಗು ಆಗಲೇ ರಾಶಿ ಬಿದ್ದಿತ್ತು. ಅದರ ಮರುದಿನವೂ ಹಾಗೆಯೇ. ಯಾರೋ ಪುಣ್ಯಾತ್ಮರು ತಂದು ಹಾಕುತ್ತಿದ್ದಾರೆಂದು ಸಮಾಧಾನಪಟ್ಟೆ. ಬಂಗಾರಿ ಎದುರಿಗೆ ಸಿಕ್ಕಾಗ ಅದು ಯಾರೆಂದು ಕೇಳಿದೆ. ಅವಳು ಸೂತಕವೆಂದು ನನ್ನಿಂದ ದೂರ ಸರಿದು ನಿಂತಳು.

"ನಾನೇ ಸಾ. ಮೇಷ್ಟ್ರು ದರಗು ಹೊತ್ರೆ ನಮಗೆ ಪಾಪ ಬರ್ತದಂತೆ, ಅವ್ವ ಅಳ್ತಿತ್ತು. ಅದಕ್ಕೆ ನೀವು ಏಳೋಕೆ ಮುಂಚೆನೇ ಹೋಗಿ ತಂದುಬಿಟ್ಟೆ."

ಅವಳ ಮೊಣಕಾಲ ಹಿಂದೆ ಉಣುಗು ಕಚ್ಚಿದ ಗುರುತು ಇತ್ತು. ಕೆರೆದುಕೊಳ್ಳುತ್ತಲೇ ಇದನ್ನು ಹೇಳಿದಳು, ಪಾಠ ಒಪ್ಪಿಸಿದಷ್ಟು ಹೆಮ್ಮೆಯಿಂದ. ನನಗೆ ಅಲ್ಲಿಯೇ ಕೂತು ಅಳಬೇಕೆನ್ನಿಸಿತು. ಗುರುವಿಗೆ ಕೊಡುವ ಮರ್ಯಾದೆಯೊಂದು ಮಗುವನ್ನು ಹೀಗೆ ಕಾಡಿಗೆ ಅಟ್ಟಬಲ್ಲದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಸೂತಕ ಕಳೆದ ದಿನ ಅವಳು ಮಿಂದು, ಸ್ಲೇಟು ಹಿಡಿದು ಶಾಲೆಗೆ ಬಂದಳು. ಶಾರದೆಯ ಮುಂದೆ ಇಟ್ಟು, ತಾಳ ತೆಗೆದುಕೊಂಡು, ಮೊದಲ ಸಾಲನ್ನು ಎತ್ತಿ ಅಲ್ಲೇ ಕುಸಿದಳು. ಹಣೆ ಮುಟ್ಟಿದರೆ ಸುಡುತ್ತಿತ್ತು. ಪಟೇಲರ ಗಾಡಿಯಲ್ಲಿ ಸೊರಬದ ಆಸ್ಪತ್ರೆಗೆ ಒಯ್ದೆವು. ಎತ್ತು ಹೊಡೆದವರು ಸ್ವತಃ ಪಟೇಲರೇ. ಕೆಲವು ದಿನಗಳಲ್ಲಿ ಜ್ವರ ಇಳಿಯಿತು. ಬಂಗಾರಿ ಗಂಜಿ ಕುಡಿದಳು, ಸಪ್ಪೆಯೆಂದು ಬೈದಳು, ಮನೆಗೂ ಬಂದಳು. ಶಾಲೆಯಲ್ಲಿ ಮಕ್ಕಳು ಕುಣಿದರು. ಈ ಜ್ವರ ಒಮ್ಮೆ ಬಿಟ್ಟು ಇನ್ನೊಮ್ಮೆ ತಿರುಗಿ ಬರುತ್ತದೆಂದು ಹೆಲ್ತ್ ಇನ್‌ಸ್ಪೆಕ್ಟರು ನನಗೊಬ್ಬನಿಗೇ ಹೇಳಿದ್ದರು. ಕುಣಿಯುವ ಮಕ್ಕಳ ನಡುವೆ ನಾನು ದಿನ ಎಣಿಸುತ್ತಾ ಕೂತಿದ್ದೆ. ಅದು ತಿರುಗಿ ಬಂತು. ಈ ಸಲ ಕತ್ತು ಬಿಗಿಯಿತು, ಮಾತು ತೊದಲಿತು. ಯುಗಾದಿಗೆ ಮುಂಚೆಯೇ ಬಂಗಾರಿ ಹೋದಳು.

ಶಾಲೆಗೆ ಬೀಗ ಹಾಕಿ ಶಿರಾಳಕೊಪ್ಪಕ್ಕೆ ಹೊರಟುಹೋಗಬೇಕು ಎನ್ನಿಸಿತು. ಆದರೆ ಶಾರದೆ ಕೂತಿದ್ದಳು, ಮಕ್ಕಳು ಬಂದಿದ್ದರು. ಎರಡು ದಿನದ ಮೇಲೆ ಸಂಜೆಯ ಪೂಜೆ ನಡೆಯುವಾಗ ಹೊರಗೆ ನೋಡಿದೆ. ಶಾಲೆಯ ಅಂಗಳದಂಚಿನ ಹಲಸಿನ ಮರದಡಿ ಕನ್ನಮ್ಮ ನಿಂತಿದ್ದಳು. ಮಗಳ ಸೂತಕ ಮೈಮೇಲಿತ್ತು. ಈ ಸಲ ಅವಳನ್ನು ಮನೆಯೊಳಗೆ ಹಿಡಿದಿಡಲು ಯಾರಿಂದಲೂ ಆಗಿರಲಿಲ್ಲ. ಹೆಂಗಸರು ಗದರುತ್ತಾರೆಂದು ನಾನು ಹೊಸ್ತಿಲಿಗೆ ಬಂದೆ. ಯಾರೂ ಗದರಲಿಲ್ಲ. ಅಂಗಳ ದೇವರ ಕೋಣೆಯಲ್ಲವಲ್ಲ, ಅಲ್ಲಿ ನಿಲ್ಲಲು ಅಡ್ಡಿಯಿಲ್ಲ ಎಂದು ಒಬ್ಬಾಕೆ ನನಗೇ ತಿಳಿಹೇಳಿ, ಅವಳು ಕೂರಲೆಂದು ದೂರದಲ್ಲಿ ಒಂದು ಮಣೆ ಇಟ್ಟು ಬಂದಳು. ಕನ್ನಮ್ಮ ಮಕ್ಕಳ ಹಾಡು ಮುಗಿಯುವವರೆಗೂ ಕೂತಿದ್ದಳು.

ಅಡ್ಡಿಯಿಲ್ಲ! ಆ ಮರದಡಿ ಬಂಗಾರಿಯೂ ಕೂರಬಹುದಿತ್ತು. ಬೆಳಗಿನಿಂದ ಸಂಜೆಯವರೆಗೆ, ತಾಳ ಹಿಡಿದು, ಎಲ್ಲರ ಕಣ್ಣೆದುರು. ದೇವರು ಹೊಸ್ತಿಲ ಒಳಗೆ ಕೂತಿದ್ದರಿಂದ ನಾವೆಲ್ಲ ಹೊಸ್ತಿಲನ್ನೇ ನೋಡುತ್ತಿದ್ದೆವು. ಊರೂ ಅಂಗಳವನ್ನು ನೋಡಲಿಲ್ಲ, ನಾನೂ ನೋಡಲಿಲ್ಲ.

ಬೇಸಿಗೆ ರಜೆಯಲ್ಲೂ ನಾನು ಊರು ಬಿಡಲಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಶಾರದೆಯನ್ನು ಎಬ್ಬಿಸಿದೆವು. ಸ್ಲೇಟು ಇಟ್ಟ ಮಕ್ಕಳಲ್ಲಿ ಬೇರೆ ಯಾರಿಗೂ ಆ ಜ್ವರ ತಗಲಿರಲಿಲ್ಲ. ಇಲಾಖೆಯವರು ಬೆನ್ನು ತಟ್ಟಿದರು, ಅದನ್ನು ತೆಗೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಆಮೇಲೆ ನಿವೃತ್ತಿಯವರೆಗೆ ಸೊರಬ ತಾಲ್ಲೂಕಿನ, ನನ್ನೂರ ತಾಲ್ಲೂಕಿನ ಹಲವು ಶಾಲೆಗಳಲ್ಲಿ ಕೆಲಸ ಮಾಡಿದೆ. ಎಲ್ಲಿಯೂ ಶಾರದೆಯನ್ನಾಗಲಿ ಗಣಪತಿಯನ್ನಾಗಲಿ ಕೋಣೆಯೊಳಗೆ ಕೂರಿಸಲಿಲ್ಲ. ಅಂಗಳದಲ್ಲಿ, ಮರದಡಿ, ಬಯಲಲ್ಲೇ ಕೂರಿಸಿದೆ. ಗಾಳಿಗೆ ದೀಪ ನಿಲ್ಲುವುದಿಲ್ಲ, ಮಡಿ ಮೈಲಿಗೆ ಒಂದೂ ಉಳಿಯುವುದಿಲ್ಲ ಎಂದು ಎಲ್ಲ ಊರಿನ ಹೆಂಗಸರೂ ಗೊಣಗಿದರು. ಅವರಿಗೆಲ್ಲ ನಾನು ಒಂದೇ ಮಾತು ಹೇಳುತ್ತಿದ್ದೆ: ಮೈಲಿಗೆಯ ಮಕ್ಕಳು ಎಷ್ಟು ದೂರ ನಿಲ್ಲಬೇಕೋ ಅಷ್ಟು ದೂರ ನಿಲ್ಲಲಿ ತಾಯೀ, ಕಾಡಿಗಿಂತ ಈಚೆ ನಿಂತರೆ ಸಾಕು.